ಮೇಲಿನ ಮನೆಯ ಸೀರೆ ಮತ್ತು ಗಸ್ತಿನ ಪೊಲೀಸ್

ಮೇಲಿನ ಮನೆಯವರು ಸರಿಯಾಗಿ ಹಿಂಡದೆ ಒಣಹಾಕಿದ ಸೀರೆಯಿಂದ ನೀರು ತೊಟ್ಟಿಕ್ಕಿ, ನಿಮ್ಮ ಅಮ್ಮ ಬಾಲ್ಕನಿಯಲ್ಲಿ ಹರವಿದ್ದ ಹಪ್ಪಳವೆಲ್ಲ ಒದ್ದೆಯಾಯಿತು ಎನ್ನಿ. ಆಗ ನೀವೇನು ಮಾಡುತ್ತೀರಿ? ನಮ್ಮ ಪೀಳಿಗೆಯ ಹೆಂಗಸರಾದರೆ ಕಿಟಕಿಯಿಂದ ಕತ್ತು ಹೊರಹಾಕಿ, ಮೇಲೆ ನೋಡಿ ನಾಲ್ಕು ಮಾತು ಅನ್ನುತ್ತಿದ್ದೆವು. ಅವರೂ ನಾಲ್ಕು ಅನ್ನುತ್ತಿದ್ದರು. ಸಂಜೆ ಹೊತ್ತಿಗೆ ಹೆಪ್ಪಿಗೆ ಒಂದು ಚಮಚ ಮೊಸರು ಬೇಕೆಂದು ಒಬ್ಬರ ಮನೆಗೆ ಇನ್ನೊಬ್ಬರು ಹೋಗಲೇಬೇಕಾಗಿದ್ದರಿಂದ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಈಗ ಹಾಗಲ್ಲ. ಈಗ ಪೊಲೀಸರಿಗೆ ಫೋನ್ ಹೋಗುತ್ತದೆ!

ನಗಬೇಡಿ, ಇದು ಕಟ್ಟುಕಥೆಯಲ್ಲ. ಹಿರಿಯ ನಾಗರಿಕರ ಸುರಕ್ಷತೆಯ ಬಗ್ಗೆ ನಾಲ್ಕು ಮಾತು ಹೇಳಲೆಂದು ನಮ್ಮ ಮಹಿಳಾ ಮಂಡಲಕ್ಕೆ ಇಬ್ಬರು ಬೀಟ್ ಮಾರ್ಷಲ್‌ಗಳು ಬಂದಿದ್ದರು. ಬೀಟ್ ಮಾರ್ಷಲ್ ಎಂದರೆ ನಿಮಗೆ ಗೊತ್ತೇ ಇದೆ, ಒಂದೇ ಮೋಟಾರ್ ಸೈಕಲ್ ಮೇಲೆ ಜೋಡಿಯಾಗಿ ಓಣಿ ಓಣಿ ಸುತ್ತುವ ಮುಂಬಯಿಯ ಗಸ್ತಿನವರು. ಭಾಷಣ ಹತ್ತೇ ನಿಮಿಷದಲ್ಲಿ ಮುಗಿಯಿತು. ಆಮೇಲೆ ಉಪ್ಪಿಟ್ಟು, ಕೇಸರಿಬಾತು, ಕಾಫಿ ಆಗುವಾಗ ಮಾತು ಹೊರಟಿತು ನೋಡಿ, ಸೀರೆಯ ಪ್ರಕರಣ ಬಂದದ್ದು ಆಗಲೇ. ಇಬ್ಬರಲ್ಲಿ ಹಿರಿಯರು ಸಾತಾರಾ ಕಡೆಯವರು. ಮೀಸೆ ಗಂಭೀರ, ಕಣ್ಣು ಮಾತ್ರ ತುಂಟ. "ಕಾಕೂ, ಆಮ್ಹೀ ಪೊಲೀಸ್ ನಾಹೀ, ಸೊಸೈಟೀಚೇ ಸೆಕ್ರೆಟರೀ ಝಾಲೋಯ್" ಎಂದರು. ನಾವೀಗ ಪೊಲೀಸರಲ್ಲ, ಎಲ್ಲರ ಸೊಸೈಟಿಗೂ ಸೆಕ್ರೆಟರಿಗಳಾಗಿಬಿಟ್ಟಿದ್ದೇವೆ ಎಂದು. ಅಂದು ಕೇಳಿದ್ದರಲ್ಲಿ ಮತ್ತು ನಮ್ಮ ಸುತ್ತಮುತ್ತ ನಡೆದದ್ದರಲ್ಲಿ ಕೆಲವನ್ನು ನಿಮಗೂ ಹೇಳೋಣವೆನಿಸಿತು. ನೀವೆಲ್ಲ ಪೊಲೀಸರನ್ನು ಕಂಡಿರುವುದು ಒಂದೋ ಸಿನಿಮಾದಲ್ಲಿ, ಇಲ್ಲವೇ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದಾಗ.

ಸೀರೆ ತೊಟ್ಟಿಕ್ಕಿದ್ದಕ್ಕೆ ಯಾವ ಪೊಲೀಸನೂ ಯಾರನ್ನೂ ಬಂಧಿಸಲಾರ. ಆ ಜಗಳ ಬೈಗುಳದವರೆಗೆ ಹೋದರೆ ಠಾಣೆಯಲ್ಲಿ 'ಎನ್.ಸಿ.' ಬರೆದುಕೊಳ್ಳುತ್ತಾರೆ. ಮುಂಬಯಿಯವರ ಬಾಯಲ್ಲಿ ಸದಾ ಓಡಾಡುವ ಪದವಿದು. "ನಾನು ಎನ್.ಸಿ. ಹಾಕಿಸಿ ಬಂದೆ" ಎಂದು ಮಹಾಯುದ್ಧ ಗೆದ್ದವರಂತೆ ಹೇಳಿಕೊಳ್ಳುವವರನ್ನು ನೀವೂ ಕಂಡಿರಬಹುದು. ಅದರ ಅರ್ಥ ಇಷ್ಟೇ: ಇದು ನ್ಯಾಯಾಧೀಶರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ಸಣ್ಣ ಅಪರಾಧ. ಮೊದಲು ಇದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 155ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 174ನೆಯ ಕಲಮಿಗೆ ಬಂದಿದೆ. ಸಂಖ್ಯೆ ಬದಲಾಯಿತು, ಸೀರೆಯ ನೀರು ನಿಂತಿಲ್ಲ. ಆ ದಿನ ಗಸ್ತಿನವರು ಮಾಡಿದ್ದಾದರೂ ಏನು? ಮೇಲಿನವರಿಂದ ಒಂದು ಹಗ್ಗ ಕೇಳಿ ಪಡೆದು, ಸೀರೆಯನ್ನು ಒಳಗಿನ ಗ್ರಿಲ್ಲಿಗೆ ಕಟ್ಟಿಸಿ, ಕೆಳಗಿನವರಿಗೆ "ಹಪ್ಪಳ ಸುಟ್ಟಾಗ ಮೇಲಿನವರಿಗೂ ಎರಡು ಕೊಡಿ" ಎಂದು ಹೇಳಿ ಬಂದರಂತೆ.

ನಾನು ಬಿ.ಎ.ಯಲ್ಲಿ ಓದಿದ ಷೇಕ್ಸ್‌ಪಿಯರನ 'ಮಚ್ ಅಡೂ ಅಬೌಟ್ ನಥಿಂಗ್' ನಾಟಕ ನನಗೆ ಆಗ ನೆನಪಾಯಿತು. ಅದರಲ್ಲಿ ಡಾಗ್‌ಬೆರಿ ಎಂಬ ಒಬ್ಬ ಪೇದೆಗಳ ಮುಖ್ಯಸ್ಥನಿದ್ದಾನೆ, ಮಾತಿನಲ್ಲಿ ಮಹಾ ಪಂಡಿತ, ಆಡುವ ಪ್ರತಿ ದೊಡ್ಡ ಪದವೂ ತಪ್ಪು. ರಾತ್ರಿ ಕಾವಲಿನವರಿಗೆ ಅವನು ಕೊಡುವ ಆದೇಶಗಳನ್ನು ನೋಡಬೇಕು! ಕಳ್ಳ ಸಿಕ್ಕರೆ ಅವನಾಗಿ ಜಾರಿಹೋಗಲು ಬಿಡಿ, ಅವನ ಸಹವಾಸ ನಿಮಗೇಕೆ? ರಾತ್ರಿ ಮಗು ಅಳುವುದು ಕೇಳಿಸಿದರೆ ಅದರ ದಾದಿಯನ್ನು ಕೂಗಿ ಎಬ್ಬಿಸಿ. ಹೀಗೆ ಸಾಗುತ್ತದೆ. ಕಾಲೇಜಿನಲ್ಲಿ ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ಆದರೆ ಕಥೆಯ ಕೊನೆಗೆ ದೊಡ್ಡ ದೊಡ್ಡ ಪ್ರಭುಗಳಿಗೆ ತಿಳಿಯದ ಮೋಸವನ್ನು ಹಿಡಿಯುವವರು ಈ ಪೆದ್ದ ಕಾವಲಿನವರೇ. ಅವರು ಬೀದಿಯಲ್ಲಿ ಇದ್ದರು, ಕಿವಿ ತೆರೆದುಕೊಂಡಿದ್ದರು, ಅಷ್ಟೇ. ಮಗು ಅತ್ತದ್ದಕ್ಕೂ ಪೊಲೀಸರೇ ಬರಬೇಕೆ ಎಂಬ ಪ್ರಶ್ನೆ ನಾಲ್ಕುನೂರು ವರ್ಷಗಳಷ್ಟು ಹಳೆಯದು ಎಂದಾಯಿತಲ್ಲ.

ಫೋನಿನ ಮೂಲಕ ಪೊಲೀಸರನ್ನು ಕರೆಯುವುದು ಮಾತ್ರ ಹೊಸದು. ಇದು ಶುರುವಾದದ್ದು ಲಂಡನ್ನಿನಲ್ಲಿ. 1935ರ ನವೆಂಬರಿನಲ್ಲಿ ಅಲ್ಲಿನ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಹೆಂಗಸರು ತೀರಿಕೊಂಡರು. ಎದುರಿನ ಮನೆಯವರೊಬ್ಬರು ಫೋನ್ ಮಾಡಿದರೆ ಎಕ್ಸ್‌ಚೇಂಜಿನವರು ಎತ್ತಲೇ ಇಲ್ಲ, ಎಲ್ಲ ಕರೆಗಳೂ ಒಂದೇ ಸಾಲಿನಲ್ಲಿ ಕಾಯುತ್ತಿದ್ದವು. ಅವರು ಪತ್ರಿಕೆಗೆ ಸಿಟ್ಟಿನ ಪತ್ರ ಬರೆದರು. ವಿಚಾರಣೆ ನಡೆಯಿತು. 1937ರ ಜೂನ್ 30ರಂದು 999 ಎಂಬ ಸಂಖ್ಯೆ ಹುಟ್ಟಿತು. ನಮ್ಮಲ್ಲಿ ಪೊಲೀಸರಿಗೆ 100, ಬೆಂಕಿಗೆ 101 ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದೆವು. ಈಗ ಎಲ್ಲಕ್ಕೂ 112. ಇದನ್ನು ಮೊದಲು ಆರಂಭಿಸಿದ ರಾಜ್ಯ ಹಿಮಾಚಲ ಪ್ರದೇಶ, 2018ರ ನವೆಂಬರ್ 28ರಂದು. ಮಹಾರಾಷ್ಟ್ರಕ್ಕೆ ಬಂದದ್ದು 2021ರಲ್ಲಿ. ದೆಹಲಿಯಲ್ಲಿ 2012ರಲ್ಲಿ ನಡೆದ ಆ ಘೋರ ಘಟನೆಯ ನಂತರ ಸ್ಥಾಪನೆಯಾದ ನಿರ್ಭಯಾ ನಿಧಿಯ ಹಣದಿಂದ ಕಟ್ಟಿದ ವ್ಯವಸ್ಥೆ ಇದು. ಸೀರೆಯ ಕರೆ ಹೋಗುವುದೂ ಇದೇ ದಾರಿಯಲ್ಲಿ ಎಂಬುದನ್ನು ಸ್ವಲ್ಪ ಯೋಚಿಸಿ.

ಬೆಂಗಳೂರಿನಲ್ಲಿ ಗಸ್ತಿನ ಗಾಡಿಗೆ 'ಹೊಯ್ಸಳ' ಎಂದು ಹೆಸರು. ರಜೆಗೆ ಹೋದಾಗ ಅತ್ತೆಯ ಮಕ್ಕಳು "ಹೊಯ್ಸಳ ಬಂತು" ಎಂದರೆ ನೀವು ಬೇಲೂರಿನ ಶಿಲಾಬಾಲಿಕೆ ಬಂದಳೆಂದು ತಿಳಿಯಬೇಡಿ. ಸಳನೆಂಬ ತರುಣನಿಗೆ ಅವನ ಗುರು ಸುದತ್ತ ಮುನಿ, ಮೇಲೆರಗಿದ ಹುಲಿಯನ್ನು ಹೊಡೆ ಎನ್ನಲು "ಹೊಯ್ ಸಳ" ಎಂದು ಕೂಗಿದರೆಂಬ ಕಥೆಯಿದೆಯಲ್ಲ, ಆ ಹೆಸರು. ಪೊಲೀಸ್ ಗಾಡಿಗೆ ಇದಕ್ಕಿಂತ ಒಳ್ಳೆಯ ಹೆಸರನ್ನು ನಾನಂತೂ ಬೇರೆಲ್ಲೂ ಕೇಳಿಲ್ಲ. ಆದರೆ ನಿಜವಾದ ಹುಲಿಜಾತಿಯ ಕರೆಗಳು ಬರುವುದು ನಮ್ಮ ಮುಂಬಯಿಯಲ್ಲಿ! ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 104 ಚದರ ಕಿಲೋಮೀಟರು ಕಾಡು. ಅದರ ಚಿರತೆಗಳು ಆರೆ ಕಾಲೋನಿಯ ಕಡೆಗೂ ಅಂಚಿನ ಕಟ್ಟಡಗಳ ಕಡೆಗೂ ರಾತ್ರಿ ಸಂಚಾರಕ್ಕೆ ಬರುತ್ತವೆ. ಕರೆ ಬಂದರೆ ಗಸ್ತಿನವರು ಹೋಗಲೇಬೇಕು. ಹೋಗಿ ಮಾಡುವುದೇನು ಎಂದು ನಾನು ಕೇಳಿದೆ. "ಚಿರತೆಯನ್ನು ಅರಣ್ಯ ಇಲಾಖೆಯವರು ನೋಡಿಕೊಳ್ಳುತ್ತಾರೆ ಕಾಕೂ, ನಾವು ಮೊಬೈಲ್ ಹಿಡಿದು ಫೋಟೋ ತೆಗೆಯಲು ಬರುವ ಮನುಷ್ಯರನ್ನು ಹಿಂದೆ ತಳ್ಳುತ್ತೇವೆ. ಎರಡರಲ್ಲಿ ನಮ್ಮ ಕೆಲಸವೇ ಕಷ್ಟ" ಎಂದರು.

ನಮ್ಮವರೇ ಪಾತ್ರಧಾರಿಗಳಾದ ಒಂದು ಪ್ರಸಂಗವೂ ಇದೆ. ಹತ್ತಿರದ ಬಡಾವಣೆಯ ಯಕ್ಷಗಾನ ತಂಡದವರು ಬಿಲ್ಡಿಂಗಿನ ಗಚ್ಚಿಯ ಮೇಲೆ 'ಕೀಚಕ ವಧೆ'ಯ ಅಭ್ಯಾಸ ಮಾಡುತ್ತಿದ್ದರು. ರಾತ್ರಿ ಒಂಬತ್ತೂವರೆ. ದ್ರೌಪದಿ ಸಭೆಯ ನಡುವೆ ಓಡಿಬಂದು ಆರ್ತನಾದ ಮಾಡುವ ಘಟ್ಟ. ಎದುರಿನ ಕಟ್ಟಡಕ್ಕೆ ಹೊಸದಾಗಿ ಬಂದ ಹೆಣ್ಣುಮಗಳೊಬ್ಬಳು, ಉತ್ತರದ ಕಡೆಯವಳು, ಗಚ್ಚಿಯ ಮೇಲೆ ಯಾವುದೋ ಹೆಂಗಸನ್ನು ಕೊಲ್ಲುತ್ತಿದ್ದಾರೆಂದು ಫೋನ್ ಮಾಡಿದಳು. ಗಸ್ತಿನವರು ಒಂದೇ ಉಸಿರಿಗೆ ಐದು ಮಹಡಿ ಹತ್ತಿಬಂದರು. "ಕುಠೇ ಆಹೇ ತೀ ಬಾಈ? ಎಲ್ಲಿ ಆ ಹೆಂಗಸು?" ಎಂದರೆ, ಲುಂಗಿ ಉಟ್ಟು ಕನ್ನಡಕ ಹಾಕಿದ್ದ, ನಿವೃತ್ತಿಗೆ ಎರಡೇ ವರ್ಷವಿದ್ದ ಬ್ಯಾಂಕಿನ ಗುಮಾಸ್ತರೊಬ್ಬರು ಮೆಲ್ಲನೆ ಕೈಯೆತ್ತಿದರು! ಭಾಗವತರು ಕೀಚಕನ ಕಥೆಯನ್ನು ಹಿಂದಿಯಲ್ಲಿ ವಿವರಿಸಿದರು. ವಿರಾಟ ಪರ್ವ ಪೊಲೀಸರಿಗೂ ಗೊತ್ತಿದ್ದದ್ದರಿಂದ ನಗೆಯಲ್ಲೇ ಮುಗಿಯಿತು. ಆದರೂ ಅವರು ಹೊರಡುವಾಗ ಗಡಿಯಾರ ತೋರಿಸಿ ಹೋದರು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಆಮೇಲೆ ಬಂದ ತಿದ್ದುಪಡಿಯಿಂದ ವಾದ್ಯಗಳಿಗೂ ಅದೇ ನಿಯಮ. ಮುಚ್ಚಿದ ಸಭಾಂಗಣದೊಳಗಾದರೆ ಬೇರೆ ಮಾತು. ಗಣೇಶೋತ್ಸವದಂಥ ಹಬ್ಬಗಳಿಗೆ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಚೆಂಡೆ ಕಲಿಯುತ್ತಿರುವ ನಿಮ್ಮಂಥವರು ಇದನ್ನು ನೆನಪಿಡುವುದು ಮೇಲು.

ಮರುದಿನ ಆ ಹುಡುಗಿಯನ್ನು ನಮ್ಮಲ್ಲಿ ಕೆಲವರು ಹಾಸ್ಯ ಮಾಡಿದರು. ನನಗೆ ಅದು ಸರಿಬರಲಿಲ್ಲ. ಹೆಂಗಸಿನ ಚೀತ್ಕಾರ ಕೇಳಿದಳು, ಫೋನ್ ಮಾಡಿದಳು. ಅದು ದ್ರೌಪದಿಯಾಗಿರದೆ ನಿಜವಾಗಿಯೂ ಯಾರದೋ ಮನೆಯ ಸೊಸೆಯಾಗಿದ್ದರೆ? ನಿಜವಾದ ಚೀತ್ಕಾರ ಕೇಳಿದಾಗ ನಾವು ಟಿ.ವಿ.ಯ ಧ್ವನಿ ಜೋರು ಮಾಡುವವರು. 'ಅವರ ಮನೆ ವಿಚಾರ' ಎಂಬುದು ನಮ್ಮ ಮಂತ್ರ. 2008ರಲ್ಲಿ 'ಬೆಲ್ ಬಜಾವೋ' ಎಂಬ ಪ್ರಚಾರ ನಡೆದಿತ್ತು, ಆಗ ನಿಮ್ಮಲ್ಲಿ ಹಲವರು ಕೂಸುಗಳು. ಪಕ್ಕದ ಮನೆಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುವ ಸದ್ದು. ಹೊರಗೆ ಕ್ರಿಕೆಟ್ ಆಡುತ್ತಿದ್ದ ಹುಡುಗರಲ್ಲೊಬ್ಬ ಹೋಗಿ ಕರೆಗಂಟೆ ಒತ್ತಿ, ಚೆಂಡು ಇಲ್ಲಿ ಬಿತ್ತೇ ಎಂದು ಕೇಳುತ್ತಾನೆ. ಚೆಂಡು ಬಿದ್ದಿರುವುದಿಲ್ಲ, ಅವನ ಕೈಯಲ್ಲೇ ಇರುತ್ತದೆ. ಬಾಗಿಲು ತೆರೆದ ಗಂಡಸಿಗೆ ಅರ್ಥವಾಗುತ್ತದೆ. ಅಷ್ಟೇ ಚಿತ್ರ. ಇಂಥ ಕರೆಗೆ ಹೋಗುವುದೇ ಗಸ್ತಿನವರಿಗೆ ಎಲ್ಲಕ್ಕಿಂತ ಕಷ್ಟವಂತೆ. ಬಾಗಿಲು ತೆರೆದ ಹೆಂಗಸು, ಕೆನ್ನೆ ಊದಿಕೊಂಡಿದ್ದರೂ, "ಏನೂ ಇಲ್ಲ ಸಾಹೇಬ್, ಕುಕ್ಕರಿನ ಶಬ್ದ" ಎನ್ನುತ್ತಾಳೆ. ಕಿರಿಯ ಬೀಟ್ ಮಾರ್ಷಲ್ ಅಲ್ಲಿಯವರೆಗೆ ಮಾತೇ ಆಡಿರಲಿಲ್ಲ. ಇದನ್ನು ಹೇಳುವಾಗ ಮಾತ್ರ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, "ಕುಕ್ಕರ್ ತೋರಿಸಿ ಎಂದು ಕೇಳಬೇಕು ಅನ್ನಿಸುತ್ತದೆ" ಎಂದ.

ಇನ್ನೊಂದು ಕರೆ ಪ್ರತಿ ಭಾನುವಾರ ಸಂಜೆಯದು. ಎಂಬತ್ತು ದಾಟಿದ ಅಜ್ಜನೊಬ್ಬರು, ಹೆಂಡತಿ ಹೋಗಿ ಮೂರು ವರ್ಷ, ಮಗ ನ್ಯೂಜೆರ್ಸಿಯಲ್ಲಿ. ಫೋನ್ ಮಾಡಿ ಗ್ಯಾಸ್ ವಾಸನೆ ಬರುತ್ತಿದೆ ಎನ್ನುತ್ತಾರೆ. ಹೋಗಿ ನೋಡಿದರೆ ವಾಸನೆ ಇಲ್ಲ, ಆದರೆ ಮೂರು ಕಪ್ಪು ಚಹಾ ಮೇಜಿನ ಮೇಲೆ ಸಿದ್ಧ. "ಗ್ಯಾಸ್ ಸೋರುತ್ತಿಲ್ಲ ಅಂತ ನಮಗೂ ಗೊತ್ತು, ಅವರಿಗೂ ಗೊತ್ತು" ಎಂದರು ಸಾತಾರಾದವರು. ಅವರ ಸಿಲಿಂಡರಿನ ರೆಗ್ಯುಲೇಟರ್ ಒಮ್ಮೆ ಮುಟ್ಟಿ ನೋಡಿ, ಚಹಾ ಕುಡಿದು ಬರುತ್ತಾರಂತೆ. ಒಂದು ಭಾನುವಾರ ಅಲ್ಲಿ ಚಹಾ ಆಗುತ್ತಿರುವಾಗಲೇ ಹೆದ್ದಾರಿಯಲ್ಲಿ ಸ್ಕೂಟರ್ ಅಪಘಾತದ ಕರೆ ಬಂತು. ಅವರು ತಲುಪುವುದು ತಡವಾಯಿತು, ದಾರಿಹೋಕರು ಅಷ್ಟರಲ್ಲಿ ಗಾಯಾಳುವನ್ನು ರಿಕ್ಷಾದಲ್ಲಿ ಒಯ್ದಿದ್ದರು, ಆತ ಬದುಕಿದ. "ಬದುಕದಿದ್ದರೆ?" ಎಂದು ಅವರೇ ಕೇಳಿಕೊಂಡರು, ನಮ್ಮನ್ನಲ್ಲ. ಮುಂಬಯಿ ಪೊಲೀಸರಲ್ಲಿ ಒಂಟಿ ಹಿರಿಯರಿಗಾಗಿ 1090 ಎಂಬ ಪ್ರತ್ಯೇಕ ಸಂಖ್ಯೆಯಿದೆ, ಹೆಸರು ನೋಂದಾಯಿಸಿದವರನ್ನು ಠಾಣೆಯವರು ಬಂದು ಮಾತಾಡಿಸುವ ಪದ್ಧತಿಯಿದೆ. ದೇಶಕ್ಕೆಲ್ಲ 14567 ಎಂಬ ಹಿರಿಯರ ಸಹಾಯವಾಣಿಯೂ ಇದೆ. ಇವೆಲ್ಲ ಇರಲಿ, ಆ ಕಟ್ಟಡದಲ್ಲಿ 28 ಮನೆಗಳಿವೆ. ಒಂದು ಮನೆಯಿಂದಲಾದರೂ ಭಾನುವಾರ ಸಂಜೆ ಯಾರೂ ಹೋಗಿ ಆ ಬಾಗಿಲು ತಟ್ಟುವುದಿಲ್ಲವೇ? ಅಜ್ಜನ ಮೇಲೆ ನನಗೆ ಸಿಟ್ಟಿಲ್ಲ. ಉಳಿದ 27ರ ಮೇಲೆ ಇದೆ.

ಪೇದೆಗಳ ದುಡಿಮೆಯ ಬಗ್ಗೆ ಒಂದು ಮಾತು. ದಿನಕ್ಕೆ ಹನ್ನೆರಡು ಗಂಟೆ, ಬಂದೋಬಸ್ತ್ ಇದ್ದರೆ ಇನ್ನೂ ಹೆಚ್ಚು, ಎಂಬುದೇ ಹಿಂದಿನಿಂದ ಬಂದ ಲೆಕ್ಕ. ದತ್ತಾ ಪಡಸಲಗೀಕರ್ ಕಮಿಷನರ್ ಆಗಿದ್ದಾಗ, 2016ರಲ್ಲಿ, ಒಬ್ಬ ಸಾಮಾನ್ಯ ಕಾನ್‌ಸ್ಟೇಬಲ್ ಕೊಟ್ಟ ಸೂಚನೆಯ ಮೇಲೆ ದೇವನಾರ್ ಠಾಣೆಯಲ್ಲಿ ಎಂಟು ಗಂಟೆಯ ಪಾಳಿಯ ಪ್ರಯೋಗ ನಡೆಯಿತು. ಪೇದೆಯ ಮಾತನ್ನು ಕಮಿಷನರ್ ಕೇಳಿದರೆಂಬುದೇ ದೊಡ್ಡ ಸುದ್ದಿಯಾಗಿತ್ತು.

ನಿಮ್ಮಲ್ಲಿ ಕಾಲೇಜಿಗೆ ಹೋಗುವವರು ಕೆಲವು ಸಂಗತಿ ತಿಳಿದಿರಬೇಕು. 112ಕ್ಕೆ ಕರೆ ಮಾಡಿದಾಗ ಮೊದಲು ಜಾಗ ಹೇಳಿ, ಆಮೇಲೆ ಕಥೆ. ಕಟ್ಟಡದ ಹೆಸರು, ಹತ್ತಿರದ ಗುರುತು, ಮಹಡಿ. ಫೋನ್ ಕಟ್ಟಾದರೂ ಅವರು ಹೊರಡಬಹುದು. ಸುಳ್ಳು ಕರೆ ತಮಾಷೆಯಲ್ಲ, ಭಾರತೀಯ ನ್ಯಾಯ ಸಂಹಿತೆಯ 217ನೆಯ ಕಲಮಿನಡಿ ಶಿಕ್ಷೆಯಿದೆ. ರಸ್ತೆಯಲ್ಲಿ ನೀರು ತುಂಬಿದರೆ, ಮರ ಬಿದ್ದರೆ, ಮಹಾನಗರಪಾಲಿಕೆಯ 1916 ಇದೆ. ಮೋಸದಲ್ಲಿ ದುಡ್ಡು ಹೋದರೆ ತಕ್ಷಣ 1930. ಅಂದ ಹಾಗೆ, ಮನೆಯಲ್ಲಿರುವ ಅಜ್ಜ ಅಜ್ಜಿಯರಿಗೆ ಒಂದು ಮಾತನ್ನು ಕೂತು ಬಿಡಿಸಿ ಹೇಳಿ. ವಿಡಿಯೋ ಕರೆಯಲ್ಲಿ ಸಮವಸ್ತ್ರ ಹಾಕಿಕೊಂಡು ಬಂದು 'ನಿಮ್ಮನ್ನು ಡಿಜಿಟಲ್ ಆಗಿ ಬಂಧಿಸಿದ್ದೇವೆ' ಎನ್ನುವವನು ಪೊಲೀಸನಲ್ಲ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ನಿಜವಾದ ಪೊಲೀಸ್ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬರುತ್ತಾನೆ.

ಕೊನೆಗೆ ಉಳಿಸಿಕೊಂಡದ್ದು ನಿಮ್ಮವನೇ ಒಬ್ಬನ ಕಥೆ. ಮಳೆಗಾಲದ ರಾತ್ರಿ ಹನ್ನೊಂದರ ಸುಮಾರಿಗೆ ಸ್ಟೇಷನ್ನಿನ ಹೊರಗೆ ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕಿ ಕೂತಿದ್ದಾರೆ ಎಂದು ಯಾರೋ ರಿಕ್ಷಾದವ ಕರೆ ಮಾಡಿದ. ಒದ್ದೆ ಸೀರೆ, ಕಾಲಲ್ಲಿ ಚಪ್ಪಲಿಯಿಲ್ಲ. ಗಸ್ತಿನವರು ಮರಾಠಿಯಲ್ಲಿ ಕೇಳಿದರು, ಹಿಂದಿಯಲ್ಲಿ ಕೇಳಿದರು. ಆಕೆ ಏನೋ ಹೇಳುತ್ತಾರೆ, ಇವರಿಗೆ ತಿಳಿಯದು. ಮುಂಬಯಿಯಲ್ಲಿ ಐವತ್ತು ವರ್ಷ ಸಂಸಾರ ಮಾಡಿ, ತರಕಾರಿಯವನೊಡನೆ ಮರಾಠಿಯಲ್ಲೇ ಚೌಕಾಸಿ ಮಾಡುತ್ತಿದ್ದವರು ಅವರು. ಆದರೆ ಮರೆವಿನ ಕಾಯಿಲೆ ಬಂದಾಗ ಹಲವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಕಳಚಿಹೋಗುತ್ತದೆ, ತೊಟ್ಟಿಲಿನ ಭಾಷೆ ಕೊನೆಯವರೆಗೆ ಉಳಿಯುತ್ತದೆ. 'ಮದ್ರಾಸಿ'ಯಿರಬೇಕು ಎಂದುಕೊಂಡ ಪೇದೆ, ಬಾಗಿಲು ಮುಚ್ಚುತ್ತಿದ್ದ ಉಡುಪಿ ಹೋಟೆಲಿಗೆ ಓಡಿದ. ಗಲ್ಲದ ಮೇಲಿದ್ದವರು ಬಿಹಾರದ ಹುಡುಗ! ಮಾಲಿಕರು ಊರಿಗೆ ಹೋಗಿದ್ದರು. ಆದರೆ ಅಲ್ಲಿ ಮಸಾಲೆ ದೋಸೆಯ ಪಾರ್ಸೆಲಿಗೆ ಕಾದು ನಿಂತಿದ್ದ ಒಬ್ಬ ತರುಣ, ನಮ್ಮ ಸಂಘದ ಸದಸ್ಯರ ಮಗ, ಇಂಜಿನಿಯರಿಂಗ್ ಎರಡನೆಯ ವರ್ಷ, "ಮಲಾ ಥೋಡಂ ಕಾನಡೀ ಯೇತಂ" ಎಂದ. ಸ್ವಲ್ಪ ಕನ್ನಡ ಬರುತ್ತದೆ ಎಂದು. ಸ್ವಲ್ಪ ಎಂದರೆ ನಿಜಕ್ಕೂ ಸ್ವಲ್ಪವೇ, ಅಜ್ಜಿಯ ಮನೆಗೆ ಹೋದಾಗಿನ ಕನ್ನಡ.

ಅವನು ಮೊಣಕಾಲೂರಿ ಕೂತು, ತನಗೆ ಸಲೀಸಾಗಿ ಬರುವ ಒಂದು ವಾಕ್ಯ ಕೇಳಿದ: "ಅಜ್ಜಿ, ಊಟ ಆಯ್ತಾ?"

ಆಕೆ ಅವನ ಕೈ ಹಿಡಿದುಕೊಂಡರಂತೆ. ಕುಂದಾಪುರದ ಬಸ್ಸು ಇನ್ನೂ ಬಂದಿಲ್ಲ, ಮಗುವಿಗೆ ಹಾಲು ಕುಡಿಸುವ ಹೊತ್ತಾಯಿತು ಎಂದರು. ವಿಳಾಸ ಕೇಳಿದರೆ ಊರಿನ ಮನೆಯ ಹೆಸರು. ಮಗಳ ಹೆಸರು ಗೊತ್ತು, ಫೋನ್ ಗೊತ್ತಿಲ್ಲ. ಹುಡುಗ ಬುದ್ಧಿವಂತ. ಮನೆ ಎಲ್ಲಿ ಎಂದು ಕೇಳುವುದನ್ನು ಬಿಟ್ಟು, ಕಿಟಕಿಯಿಂದ ಏನು ಕಾಣಿಸುತ್ತದೆ ಅಜ್ಜಿ ಎಂದು ಕೇಳಿದ. ಕೆಳಗೆ ಹಿಟ್ಟಿನ ಗಿರಣಿ, ಇಡೀ ದಿನ ಗುರ್ ಗುರ್. ಮೇಲಿನ ಮನೆಯಲ್ಲಿ ಮಕ್ಕಳು ಬೆಳಿಗ್ಗೆ ಎದ್ದು ಸರಿಗಮ ಅರಚುತ್ತವೆ, ತಲೆನೋವು. ಹುಡುಗ ಇದನ್ನು ಮರಾಠಿಗೆ ತಿರುಗಿಸಿ ಹೇಳುತ್ತಿದ್ದಂತೆ ಸಾತಾರಾದವರು ತೊಡೆ ತಟ್ಟಿದರು. ಹಿಟ್ಟಿನ ಗಿರಣಿ, ಮೇಲೆ ಸಂಗೀತದ ಕ್ಲಾಸು! ಆ ಕ್ಲಾಸಿನ ಗಲಾಟೆಯೆಂದು ಕೆಳಗಿನ ಮನೆಯವರು ಹಿಂದೊಮ್ಮೆ ಕರೆ ಮಾಡಿ ಅವರನ್ನೇ ಕರೆಸಿದ್ದರಲ್ಲ! ಎರಡು ನಿಲ್ದಾಣ ದೂರದ ರಸ್ತೆ ಅದು, ಆಗ ಅವರು ಆ ಠಾಣೆಯಲ್ಲಿದ್ದರು. ಅಲ್ಲಿಗೆ ಫೋನ್ ಮಾಡಿದರೆ, ಮಗಳು ಮತ್ತು ಅಳಿಯ ಒಂಬತ್ತು ಗಂಟೆಯಿಂದ ಠಾಣೆಯ ಬೆಂಚಿನ ಮೇಲೆ ಅಳುತ್ತಾ ಕೂತಿದ್ದರು. ಮೊಬೈಲ್ ವ್ಯಾನಿನಲ್ಲಿ ಅಜ್ಜಿಯನ್ನು ಕರೆದೊಯ್ಯುವಾಗ ಆಕೆ ಹುಡುಗನ ಕೈ ಬಿಡಲಿಲ್ಲವಾದ್ದರಿಂದ ಅವನೂ ಹೋದ, ದೋಸೆ ಹೋಟೆಲಿನಲ್ಲೇ ಉಳಿಯಿತು. ದಾರಿಯುದ್ದಕ್ಕೂ ಆಕೆ ಅವನಿಗೆ ಬಸ್ಸಿನ ಟಿಕೇಟಿಗೆ ಚಿಲ್ಲರೆ ಇದೆಯೇ ಎಂದು ಕೇಳುತ್ತಲೇ ಇದ್ದರಂತೆ. ಅವನು ಇದೆ ಅಜ್ಜಿ, ಇದೆ ಅಜ್ಜಿ ಎನ್ನುತ್ತಲೇ ಇದ್ದನಂತೆ.

ಆ ಪೇದೆ ಇವನ ನಂಬರನ್ನು ತಮ್ಮ ಫೋನಿನಲ್ಲಿ 'ಕಾನಡೀ ಪೋರಗಾ' ಎಂದು ಬರೆದಿಟ್ಟುಕೊಂಡಿದ್ದಾರೆ. ಈಚೆಗೆ ಒಂದು ರಾತ್ರಿ ಮತ್ತೆ ಕರೆ ಬಂತು. ಹೆದ್ದಾರಿಯಲ್ಲಿ ವಿಜಯಪುರದ ಲಾರಿ ಚಾಲಕನೊಬ್ಬ ಕೆಟ್ಟ ಗಾಡಿಯ ಪಕ್ಕ ನಿಂತು ಕೈಕೈ ಮುಗಿಯುತ್ತಿದ್ದಾನೆ, ಏನೆಂದು ತಿಳಿಯುತ್ತಿಲ್ಲ, ಫೋನಿನಲ್ಲೇ ಮಾತಾಡಿಸಿ ಹೇಳು ಎಂದು. ಹನ್ನೆರಡೂಕಾಲಿಗೆ ನಮ್ಮ ಮನೆಯ ಫೋನ್ ಹೊಡೆದುಕೊಂಡಿತು.

"ಆಂಟಿ, ಮಲಗಿದ್ರಾ? 'ಗಾಡಿ ಕೆಟ್ಟ್ ನಿಂತೈತ್ರಿ' ಅಂದ್ರೆ ತಿಳೀತು. ಆದ್ರೆ 'ನನ್ ಜೋಡಿ ಇದ್ದಾಂವ ಎತ್ಲಾಗ ಹೋದ್ನೋ ಗೊತ್ತಿಲ್ರಿ' ಅಂತಾನಲ್ಲ, ಜೋಡಿ ಅಂದ್ರೆ ಯಾರು? ಹೆಂಡ್ತಿನಾ?"

"ಅಲ್ಲಪ್ಪ, ಜೊತೆಗಿದ್ದವನು. ಕ್ಲೀನರ್ ಇರಬೇಕು. ಬೇಗ ಹೇಳು, ಅವನನ್ನು ಹುಡುಕಲಿ" ಎಂದೆ.